ಚಿಕ್ಕಮಗಳೂರಿನ ಚಳಿ, ಬೌಲಿನಲ್ಲಿ ಫೈಟರ್ ಮೀನು: ನೀರು ಎರಡೇ ದಿನಕ್ಕೆ ಮಬ್ಬಾಗುತ್ತದೆ, ಏನು ಮಾಡೋದು?

ಕೈಮರ ಕ್ರಾಸ್
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಮಗಳೂರು. ಮಗಳ ಹಟಕ್ಕೆ ಒಂದು ಬೆಟ್ಟಾ ಮೀನು ತಂದೆವು. ಅಂಗಡಿಯಲ್ಲಿ ಫೈಟರ್ ಅನ್ನುತ್ತಾರಲ್ಲ, ಅದೇ. ನೀಲಿ ಬಣ್ಣದ ಗಂಡು, ಉದ್ದ ರೆಕ್ಕೆ. ಜೊತೆಗೆ ಸುಮಾರು 3 ಲೀಟರ್ ಹಿಡಿಯುವ ದುಂಡನೆಯ ಗಾಜಿನ ಬೌಲು, ತಳಕ್ಕೆ ಬಣ್ಣದ ಕಲ್ಲು. ನೀರು ನಗರಸಭೆ ನಲ್ಲಿಯದು.

ನೀರು ಎರಡು ದಿನಕ್ಕೆ ಬೆಳ್ಳಗೆ ಮಬ್ಬಾಗುತ್ತದೆ. ಹಾಗಾಗಿ ದಿನ ಬಿಟ್ಟು ದಿನ ಪೂರ್ತಿ ನೀರು ಚೆಲ್ಲಿ, ಕಲ್ಲು ತಿಕ್ಕಿ ತೊಳೆದು, ಹೊಸ ನೀರು ತುಂಬುತ್ತೇವೆ. ತುಂಬಿದ ಮೇಲೆ ಮೀನು ಒಂದು ಗಂಟೆ ತಳದಲ್ಲಿ ಸುಮ್ನೆ ಮಲಗಿರುತ್ತದೆ. ಈಗ ರೆಕ್ಕೆಯ ಅಂಚೂ ಸ್ವಲ್ಪ ಹರಿದ ಹಾಗೆ ಕಾಣುತ್ತಿದೆ. ಅಂಗಡಿಯವರು "ದಿನಾ ನೀರು ಬದಲಿಸಿ" ಎಂದರು. ಬಾಟಲಿ ನೀರು ಹಾಕಿದರೆ ಸರಿ ಹೋಗುತ್ತದಾ? ಫಿಲ್ಟರ್ ಬೇಕಾ?

ಹೇಮಾವತಿ ಎಡದಂಡೆ
ಹಾಸನದಿಂದ ಬರೆಯುತ್ತಿದ್ದೇನೆ. ಊಟಕ್ಕೆ ಎಷ್ಟು ಹಾಕುತ್ತೀರಿ? ಮಬ್ಬಿನ ಕಥೆ ಅರ್ಧ ಅಲ್ಲೇ ಇರುತ್ತದೆ.

ಕೈಮರ ಕ್ರಾಸ್
ಮಗಳು ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಹಾಕುತ್ತಾಳೆ. ಅಜ್ಜಿ ಮಧ್ಯಾಹ್ನ ಒಂದಿಷ್ಟು ಹಾಕುತ್ತಾರೆ ಅಂತ ಈಗ ಗೊತ್ತಾಯಿತು. ಒಂದೊಂದು ಸಲ ಅನ್ನದ ಅಗುಳೂ ಬೀಳುತ್ತದಂತೆ.

ಹೇಮಾವತಿ ಎಡದಂಡೆ
ಅಜ್ಜಿಯಂದಿರು ಎಲ್ಲಾ ಮನೆಯಲ್ಲೂ ಹೀಗೆಯೇ, ಬಿಡಿ. ಆದರೆ ಅನ್ನ ನಿಲ್ಲಿಸಿ. ಬೆಟ್ಟಾ ಹುಳು ತಿನ್ನುವ ಮೀನು, ಅಗುಳು ಅದಕ್ಕೆ ಬೇಡ. ತಳಕ್ಕೆ ಬಿದ್ದ ಅಗುಳು ಕೊಳೆಯುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಒಂದೇ ಸಮನೆ ಹೆಚ್ಚುತ್ತದೆ. ನಿಮಗೆ ಕಾಣುವ ಬಿಳಿ ಮಬ್ಬು ಅದೇ. ದೊಡ್ಡ ಮೀನಿಗೆ ಬೆಳಿಗ್ಗೆ ಎರಡು ಮೂರು ಕಾಳು ಪೆಲೆಟ್, ಸಂಜೆ ಎರಡು ಮೂರು ಕಾಳು ಸಾಕು. ಐದು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ಚಮಚದಲ್ಲಿ ತೆಗೆದುಬಿಡಿ. ವಾರಕ್ಕೆ ಒಂದು ದಿನ ಉಪವಾಸ ಇಟ್ಟರೂ ಏನೂ ಆಗುವುದಿಲ್ಲ.

ಮಬ್ಬು ನೋಡಲು ಅಸಹ್ಯ, ಆದರೆ ಮೀನಿಗೆ ದೊಡ್ಡ ಶತ್ರು ಅದಲ್ಲ. ಕಣ್ಣಿಗೆ ಕಾಣದ್ದು ಅಮೋನಿಯಾ. ಮೀನು ಕಿವಿರಿನಿಂದಲೇ ಅದನ್ನು ಹೊರಗೆ ಹಾಕುತ್ತದೆ, ಹಿಕ್ಕೆಯಿಂದಲೂ ಕೊಳೆತ ಊಟದಿಂದಲೂ ಇನ್ನಷ್ಟು ಸೇರುತ್ತದೆ. ಫಳಫಳ ಅನ್ನುವ ತಿಳಿನೀರಿನಲ್ಲೂ ಮೀನು ಸುಟ್ಟುಹೋಗುವಷ್ಟು ಅಮೋನಿಯಾ ಇರಬಹುದು. ಅದೇ ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಮೀನು ಆರಾಮಾಗಿ ಇರಬಹುದು. ಹಾಗಾಗಿ ನೀರಿನ ಆರೋಗ್ಯವನ್ನು ಬಣ್ಣ ನೋಡಿ ಹೇಳಬೇಡಿ.

ರೋಬಸ್ಟಾ ನೆರಳು
ಮೂಡಿಗೆರೆ ಕಡೆಯವನು. ಎಡದಂಡೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಮೋನಿಯಾ ಎಲ್ಲಾ ನೀರಿನಲ್ಲೂ ಒಂದೇ ರೀತಿ ಕಚ್ಚುವುದಿಲ್ಲ. ಪಿಹೆಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ, 7 ಅಂದರೆ ನಡುಮಟ್ಟ) 7ರ ಆಸುಪಾಸಿದ್ದರೆ ಅದರ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಅದು ಅಷ್ಟು ಅಪಾಯವಲ್ಲ. 25 ಡಿಗ್ರಿಯಲ್ಲಿ ವಿಷದ ರೂಪದ್ದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಹೆಚ್ 8ಕ್ಕೆ ಏರಿದರೆ ಅದೇ ನೂರಕ್ಕೆ ಸುಮಾರು 5 ಪಾಲಾಗುತ್ತದೆ. ನಮ್ಮ ಮಲೆನಾಡಿನ ಬಾವಿ ನೀರು ಮೆದು, ಸ್ವಲ್ಪ ಹುಳಿ ಗುಣ. ಕಡೂರು, ಅರಸೀಕೆರೆ ಕಡೆಯ ಬೋರ್ ನೀರು ಗಡಸು, ಪಿಹೆಚ್ ಸಾಮಾನ್ಯವಾಗಿ ಮೇಲಿರುತ್ತದೆ. ಒಂದೇ ತಪ್ಪಿಗೆ ಅವರ ಮೀನು ಬೇಗ ಬಳಲುತ್ತದೆ.

ಕಡೂರು ಬೋರ್
ನಮ್ಮ ನೀರಿನ ವಿಷಯಕ್ಕೆ ಬಂದರಾ! ಹೌದು, ನಮ್ಮ ಪಾತ್ರೆಗೆಲ್ಲಾ ಬಿಳಿ ಪೊರೆ ಕಟ್ಟುತ್ತದೆ. ಹಾಗಂತ ಬೆಟ್ಟಾ ಸಾಯುತ್ತದೆ ಅಂತೇನಿಲ್ಲ. ಸಾಕಣೆಯಲ್ಲಿ ಹುಟ್ಟಿದ ಮೀನು 6.5ರಿಂದ 8ರವರೆಗೆ ಒಗ್ಗಿಕೊಳ್ಳುತ್ತದೆ, ದಿನಾ ಏರಿಳಿಯಬಾರದು ಅಷ್ಟೆ. ಪಿಹೆಚ್ ಇಳಿಸುವ ಬಾಟಲಿ ಔಷಧಿ ಹಾಕಿ ಆಟ ಆಡುವವರ ಮನೆಯಲ್ಲೇ ಮೀನು ಜಾಸ್ತಿ ಸಾಯುವುದನ್ನು ನೋಡಿದ್ದೇನೆ.

ಬೋರ್ ನೀರಿಗೆ ಒಂದೇ ನಿಯಮ: ಪಂಪಿನಿಂದ ಬಂದದ್ದನ್ನು ನೇರ ಹಾಕಬಾರದು. ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಡಿಮೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟರೆ ಎರಡೂ ಸರಿಯಾಗುತ್ತವೆ. ಕಬ್ಬಿಣದ ಅಂಶ ಇದ್ದರೆ ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಕಾಣುತ್ತದೆ, ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಳ್ಳಿ.

ಬೌಲಿಗೆ ಹತ್ತಿದ ಬಿಳಿ ಪೊರೆಗೆ ವಿನೆಗರ್ ಒರೆಸಿ, ಚೆನ್ನಾಗಿ ತೊಳೆಯಿರಿ. ಸೋಪು, ಪಾತ್ರೆ ತೊಳೆಯುವ ಪುಡಿ ಮುಟ್ಟಿಸಲೇಬೇಡಿ.

ಕೈಮರ ಕ್ರಾಸ್
ಕಲ್ಲನ್ನು ಪಾತ್ರೆ ಸೋಪಿನಲ್ಲೇ ತಿಕ್ಕುತ್ತಿದ್ದೆವು! ಇವತ್ತಿನಿಂದ ಬಂದ್. ಬಾಟಲಿ ನೀರಿನ ಬಗ್ಗೆ ಯಾರೂ ಹೇಳಲಿಲ್ಲ.

ನಲ್ಲಿ ಮೇಸ್ತ್ರಿ
ಬಾಟಲಿ ನೀರು, ಆರ್‌ಓ ನೀರು ಬೇಡ. ಆರ್‌ಓ ಯಂತ್ರ ಖನಿಜಗಳನ್ನೆಲ್ಲಾ ತೆಗೆದುಬಿಡುತ್ತದೆ. ಅಂಥ ನೀರಿನ ಪಿಹೆಚ್ ನಿಲ್ಲುವುದಿಲ್ಲ. ನಿಮ್ಮ ನಲ್ಲಿ ನೀರೇ ಒಳ್ಳೆಯದು, ಕ್ಲೋರಿನ್ ಒಂದನ್ನು ತೆಗೆದರಾಯಿತು.

ನಾನು ಪ್ಲಂಬಿಂಗ್ ಕೆಲಸದವನು, ಹಾಗಾಗಿ ನೀರು ಬರುವ ದಾರಿ ಗೊತ್ತು. ಚಿಕ್ಕಮಗಳೂರಿಗೆ ಯಗಚಿ ನೀರು, ಹಿರೇಕೊಳಲೆ ಕೆರೆ ನೀರು. ಹಾಸನಕ್ಕೆ ಹೇಮಾವತಿ. ಮೂಲ ಎಲ್ಲಾ ಮೆದು ನೀರೇ. ಆದರೆ ಶುದ್ಧೀಕರಣ ಆದ ಮೇಲೆ ಕ್ಲೋರಿನ್ ಹಾಕಿಯೇ ಬಿಡಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ ಕಡಿಮೆಯೆಂದರೂ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಬೆಂಕಿ. ಕಿವಿರಷ್ಟೇ ಅಲ್ಲ, ನೀರು ಸ್ವಚ್ಛ ಮಾಡುವ ಒಳ್ಳೆ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ.

ಮಳೆಗಾಲದಲ್ಲಿ ಕೆಂಪು ನೀರು ಬಂದಾಗ, ಪೈಪ್ ರಿಪೇರಿ ಆದ ಮೇಲೆ ಮೊದಲ ಸಲ ನೀರು ಬಿಟ್ಟಾಗ, ವಾಸನೆ ಮೂಗಿಗೆ ಹೊಡೆಯುತ್ತದೆ. ಆ ದಿನ ಮೀನಿನ ನೀರು ಮುಟ್ಟಬೇಡಿ. ಬೇರೆ ದಿನ ತೆರೆದ ಬಕೆಟ್ಟಿನಲ್ಲಿ 24 ಗಂಟೆ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಮುಚ್ಚಿದ ಸಂಪಿನಲ್ಲಿ ಎರಡು ದಿನ ಇತ್ತು ಅಂತ ಲೆಕ್ಕ ಹಾಕಬೇಡಿ, ಅಲ್ಲಿ ಗಾಳಿ ಆಡುವುದಿಲ್ಲ. ಅವಸರ ಇದ್ದರೆ ಆಂಟಿ ಕ್ಲೋರಿನ್ ಹನಿ ಸಿಗುತ್ತದೆ. ಅದರಲ್ಲಿರುವುದು ಸೋಡಿಯಂ ಥಯೋಸಲ್ಫೇಟ್, ಹಳೆ ಫೋಟೋ ಸ್ಟುಡಿಯೋದವರು ಹೈಪೋ ಅನ್ನುತ್ತಿದ್ದದ್ದು. ಕ್ಷಣದಲ್ಲಿ ಕೆಲಸ ಮಾಡುತ್ತದೆ.

ರೋಬಸ್ಟಾ ನೆರಳು
ಬಾವಿ ಇರುವವರೂ ಹುಷಾರಾಗಿರಿ. ಮಳೆ ಶುರುವಾದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ನಮ್ಮದು ಬಾವಿ ನೀರು, ಕ್ಲೋರಿನ್ ಇಲ್ಲ ಅನ್ನುವ ಧೈರ್ಯದಲ್ಲಿ ಒಂದು ಕೊಡ ಸುರಿದರೆ ಮುಗಿಯಿತು.

ಉಪ್ಪಿನಕಾಯಿ ಭರಣಿ
ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಕಾ? ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲೇ ಫೈಟರ್ ಇತ್ತು. ಚೆನ್ನಾಗೇ ಇತ್ತು. ಥಾಯ್ಲೆಂಡಿನಲ್ಲಿ ಅದು ಗದ್ದೆ ಹೊಂಡದ ಮೀನು. ಗಾಳಿ ಕುಡಿದು ಬದುಕುತ್ತದೆ. ಅದಕ್ಕೆ ಅರಮನೆ ಯಾಕೆ?

ಹೇಮಾವತಿ ಎಡದಂಡೆ
ಭರಣಿಯವರೇ, ಗದ್ದೆ ಮಾತು ನಿಜ. ಮೇಲೆ ಬಂದು ಗಾಳಿ ಗುಟುಕರಿಸುವುದೂ ನಿಜ, ತಲೆಯೊಳಗೆ ಅದಕ್ಕೆಂದೇ ಲ್ಯಾಬಿರಿಂತ್ ಅನ್ನುವ ಅಂಗ ಇದೆ. ಥಾಯ್ಲೆಂಡ್ 2019ರಲ್ಲಿ ಈ ಮೀನನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು, ಅಷ್ಟು ಹತ್ತಿರದ ಸಂಬಂಧ ಅವರಿಗೆ. ಆದರೆ ಗದ್ದೆ ನೀರು ಆಳ ಕಡಿಮೆಯಾದರೂ ಅಗಲ ಎಷ್ಟು? ಎಕರೆಗಟ್ಟಲೆ ಹರಡಿರುತ್ತದೆ. ತಳದಲ್ಲಿ ಕೆಸರು, ಮೇಲೆ ಪೈರು, ಸುತ್ತ ಕಳೆ. ಮೀನು ಬಿಟ್ಟ ಅಮೋನಿಯಾವನ್ನು ಗಿಡ ಹೀರುತ್ತದೆ. ಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ ಗದ್ದೆ ಒಣಗಿ ಹೊಂಡ ಮಾತ್ರ ಉಳಿದಾಗ ಮೀನು ಅಲ್ಲೇ ಜೀವ ಹಿಡಿದುಕೊಂಡಿರುತ್ತದೆ. ಅದು ಕಷ್ಟದ ಕಾಲ, ಸಂಸಾರ ಮಾಡುವ ಜಾಗ ಅಲ್ಲ.

ಗಾಳಿ ಕುಡಿಯುವುದರಿಂದ ಉಸಿರು ಕಟ್ಟುವುದಿಲ್ಲ. ಅಮೋನಿಯಾದಿಂದ ಅದು ಕಾಪಾಡುವುದಿಲ್ಲ. ಕಿವಿರು ಆ ನೀರಿನಲ್ಲೇ ನೆನೆದಿರುತ್ತದೆ ಅಲ್ವಾ?

ಲೆಕ್ಕ ಸರಳ. ಒಂದೇ ಮೀನು, ಒಂದೇ ಊಟ, ಒಂದೇ ಕೊಳೆ. 3 ಲೀಟರಿನಲ್ಲಿ ಅದು ಎಷ್ಟು ದಟ್ಟವೋ, 20 ಲೀಟರಿನಲ್ಲಿ ಅದರ ಸುಮಾರು ಏಳರಲ್ಲಿ ಒಂದು ಪಾಲು. ಜಾಸ್ತಿ ನೀರು ಅಂದರೆ ಜಾಸ್ತಿ ಕೆಲಸ ಅಂತ ಎಲ್ಲರೂ ಹೆದರುತ್ತಾರೆ. ಕೆಲಸ ಕಡಿಮೆಯಾಗುತ್ತದೆ.

ಉಪ್ಪಿನಕಾಯಿ ಭರಣಿ
ಸರಿ ಒಪ್ಪಿದೆ. ಆದರೆ ದೊಡ್ಡ ನೀರಿನಲ್ಲಿ ಬಿಟ್ಟರೆ ಮೀನು ಹೆದರುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರಲ್ಲ?

ಹೇಮಾವತಿ ಎಡದಂಡೆ
ಬರೀ ಗಾಜು, ಬರೀ ನೀರು ಇದ್ದರೆ ಹೆದರುತ್ತದೆ. ಅವಿತುಕೊಳ್ಳಲು ನಾಲ್ಕು ಗಿಡ ಇಡಿ, ಆಮೇಲೆ ನೋಡಿ. ನೀರು ಎಷ್ಟಿದೆ ಅನ್ನುವುದಕ್ಕಿಂತ ಮರೆ ಇದೆಯಾ ಅನ್ನುವುದು ಮುಖ್ಯ.

ಹಂಡೆ ಒಲೆ
ಚಳಿಯ ಮಾತು ಯಾರೂ ಎತ್ತಲಿಲ್ಲ. ಕೈಮರದವರು "ನೀರು ಬದಲಿಸಿದ ಮೇಲೆ ತಳದಲ್ಲಿ ಮಲಗುತ್ತದೆ" ಎಂದರಲ್ಲ, ನನ್ನ ಪ್ರಕಾರ ಅದು ಚಳಿಯ ಹೊಡೆತ. ಬೆಟ್ಟಾಗೆ ಬೇಕಾದದ್ದು 24ರಿಂದ 28 ಡಿಗ್ರಿ. ಚಿಕ್ಕಮಗಳೂರು, ಹಾಸನ ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನ ಊರು. ಡಿಸೆಂಬರ್, ಜನವರಿ ರಾತ್ರಿ 14-15 ಡಿಗ್ರಿಗೆ ಇಳಿಯುತ್ತದೆ. ಮಳೆಗಾಲದಲ್ಲೂ ಬಿಸಿಲಿಲ್ಲದೆ ಮನೆಯೊಳಗೆ ಥಂಡಿ. ಬೆಂಗಳೂರಿನವರು ಬರೆದ ಸಲಹೆ ಓದಿ "ಹೀಟರ್ ಬೇಡ" ಅನ್ನುವವರು ಒಂದು ಥರ್ಮಾಮೀಟರ್ ತಂದು ಬೆಳಿಗ್ಗೆ ಆರಕ್ಕೆ ನೋಡಲಿ.

ತಣ್ಣಗಿನ ನೀರಿನಲ್ಲಿ ಮೀನು ಜಡವಾಗುತ್ತದೆ, ತಿಂದದ್ದು ಅರಗುವುದಿಲ್ಲ, ರೋಗ ಬೇಗ ಹತ್ತುತ್ತದೆ. ಅದಕ್ಕಿಂತ ಕೆಟ್ಟದ್ದು, ಮನೆಯೊಳಗೆ 23ಕ್ಕೆ ಒಗ್ಗಿದ ಮೀನಿನ ಮೇಲೆ ಹೊರಗಿನ ಟ್ಯಾಂಕಿನ 17 ಡಿಗ್ರಿ ನೀರನ್ನು ಒಮ್ಮೆಲೇ ಸುರಿಯುವುದು.

ಕೈಮರ ಕ್ರಾಸ್
ಹಾಗಾದರೆ ಹಂಡೆಯ ಬಿಸಿನೀರು ಸ್ವಲ್ಪ ಬೆರೆಸಿ ಹಾಕಲಾ? ಬಚ್ಚಲಲ್ಲಿ ಯಾವಾಗಲೂ ಕಾದಿರುತ್ತದೆ.

ಹಂಡೆ ಒಲೆ
ಅಯ್ಯೋ ಬೇಡ! ತಾಮ್ರದ ಹಂಡೆ ಅಲ್ವಾ? ಅದನ್ನು ಹೇಳಬೇಕೆಂದೇ ಬಂದೆ. ನಮ್ಮ ಕಡೆಯ ನೀರು ಮೆದು, ಸ್ವಲ್ಪ ಹುಳಿ. ಅಂಥ ನೀರು ತಾಮ್ರದಲ್ಲಿ ಗಂಟೆಗಟ್ಟಲೆ ಕಾಯುತ್ತಾ ಇದ್ದರೆ ತಾಮ್ರ ಬಿಟ್ಟುಕೊಳ್ಳುತ್ತದೆ. ನಮ್ಮ ಸ್ನಾನಕ್ಕೆ ಏನೂ ಆಗುವುದಿಲ್ಲ. ಮೀನಿಗೆ, ಬಸವನಹುಳುವಿಗೆ ತಾಮ್ರ ವಿಷ. ಹಿತ್ತಾಳೆ ಪಾತ್ರೆಯೂ ಬೇಡ. ಸ್ಟೀಲ್ ಪಾತ್ರೆಯಲ್ಲಿ ಒಂದು ಲೋಟ ಕಾಯಿಸಿ, ಇಟ್ಟಿದ್ದ ಬಕೆಟ್ ನೀರಿಗೆ ಬೆರೆಸಿ. ಥರ್ಮಾಮೀಟರಿನಲ್ಲಿ ಎರಡೂ ನೀರು ಒಂದು ಡಿಗ್ರಿ ಹೆಚ್ಚು ಕಡಿಮೆಯೊಳಗೆ ಬಂದ ಮೇಲೆ ನಿಧಾನಕ್ಕೆ ಹುಯ್ಯಿರಿ.

ರೋಬಸ್ಟಾ ನೆರಳು
ತಾಮ್ರ ಅಂದದ್ದಕ್ಕೆ ನೆನಪಾಯಿತು. ಕಾಫಿಗೆ, ಅಡಿಕೆಗೆ ಬೋರ್ಡೋ ಹೊಡೆಯುವುದು ಮೈಲುತುತ್ತ ಮತ್ತು ಸುಣ್ಣ ಸೇರಿಸಿ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದನ್ನು ಕಲಸಿದ ಡ್ರಮ್ಮು, ಬಕೆಟ್ಟು, ಮಗ್ಗು ಎಷ್ಟು ತೊಳೆದರೂ ಮೀನಿನ ಹತ್ತಿರ ತರಬೇಡಿ. ಮೀನಿಗೆಂದೇ ಬೇರೆ ಬಕೆಟ್ ಇಡಿ, ಮುಚ್ಚಳದ ಮೇಲೆ "ಮೀನು" ಅಂತ ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಯಾರಾದರೂ ಅದರಲ್ಲಿ ನೆಲ ಒರೆಸುತ್ತಾರೆ. ಔಷಧಿ ಹೊಡೆದ ತೋಟದ ಅಂಚಿನ ಹೊಂಡದಿಂದ ಗಿಡ, ಪಾಚಿ ತರುವುದೂ ಬೇಡ. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವ) ಸಮಯದಲ್ಲಿ ಆ ಕೊಳೆ ಸೇರುವ ಹಳ್ಳದ ನೀರನ್ನಂತೂ ಯೋಚಿಸಲೇಬೇಡಿ.

ಸಾಲುಮರ
ಬಾದಾಮಿ ಎಲೆ ಬಗ್ಗೆ ಕೇಳಬೇಕಿತ್ತು. ಹಾಸನದಲ್ಲಿ ನಮ್ಮ ರಸ್ತೆ ತುಂಬಾ ಕಾಡು ಬಾದಾಮಿ ಮರ. ಆನ್‌ಲೈನಿನಲ್ಲಿ ಅದೇ ಎಲೆಯನ್ನು ದುಡ್ಡಿಗೆ ಮಾರುತ್ತಾರೆ, ನೋಡಿ ನಗು ಬಂತು. ಉದುರಿದ್ದನ್ನೇ ಹಾಕಬಹುದಾ?

ಹೇಮಾವತಿ ಎಡದಂಡೆ
ಹಾಕಬಹುದು. ತಾನಾಗಿ ಉದುರಿ ಕಂದು ಬಣ್ಣಕ್ಕೆ ಒಣಗಿದ್ದಾಗಬೇಕು. ಹಸಿರು ಎಲೆ ಕೊಳೆತು ನೀರು ಕೆಡಿಸುತ್ತದೆ. ರಸ್ತೆ ಧೂಳು, ಹೊಗೆ ಹತ್ತಿದ್ದು ಬೇಡ, ಯಾವುದಾದರೂ ಕಾಂಪೌಂಡಿನ ಒಳಗಿನ ಮರ ಹುಡುಕಿ. ತೊಳೆದು, ಬಿಸಿನೀರು ಹುಯ್ದು, ಆರಿಸಿ ಹಾಕಿ. 10 ಲೀಟರಿಗೆ ಅರ್ಧ ಎಲೆ ಸಾಕು. ನೀರು ಕಂದಾಗುತ್ತದೆ, ಅದು ಟ್ಯಾನಿನ್, ಎಲೆಯ ಒಗರು. ಪಿಹೆಚ್ ಸ್ವಲ್ಪ ಇಳಿಸುತ್ತದೆ, ಕೆಲವು ಬ್ಯಾಕ್ಟೀರಿಯಾ, ಬೂಷ್ಟುಗಳನ್ನು ತಡೆಯುತ್ತದೆ. ಬೆಟ್ಟಾಗೆ ಇಷ್ಟ. ಆದರೆ ಎಲೆ ಅಮೋನಿಯಾ ತೆಗೆಯುವುದಿಲ್ಲ. ಎಲೆ ಹಾಕಿದ್ದೇನೆ ಅಂತ ನೀರು ಬದಲಿಸದೆ ಕೂರಬೇಡಿ.

ಮಲೆನಾಡಿನವರಿಗೆ ಮಾತ್ರ ಒಂದು ಎಚ್ಚರಿಕೆ. ನಿಮ್ಮ ನೀರಿನಲ್ಲಿ ಮೊದಲೇ ಕ್ಷಾರ ಕಡಿಮೆ. ಒಳ್ಳೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಆ ಕ್ಷಾರವನ್ನು ಇನ್ನಷ್ಟು ತಿನ್ನುತ್ತದೆ. ನೀರು ಬದಲಿಸದೆ ಬಿಟ್ಟರೆ ಒಂದು ದಿನ ಪಿಹೆಚ್ ದಬ್ಬನೆ ಕುಸಿಯುತ್ತದೆ. ಹವಳದ ಚೂರು ಅಥವಾ ಸಮುದ್ರದ ಚಿಪ್ಪು ಒಂದೆರಡು ಫಿಲ್ಟರ್ ಹತ್ತಿರ ಇಟ್ಟರೆ ನಿಧಾನಕ್ಕೆ ಕರಗಿ ಕಾಪಾಡುತ್ತದೆ. ಎಲೆಗೆ ಸುಣ್ಣ ಹಚ್ಚುವ ಡಬ್ಬಿಯಿಂದ ಚಿಟಿಕೆ ಹಾಕುವ ಬುದ್ಧಿವಂತರೂ ಇದ್ದಾರೆ. ದಯವಿಟ್ಟು ಬೇಡ, ಪಿಹೆಚ್ ಒಮ್ಮೆಲೇ ಮೇಲಕ್ಕೆ ಹಾರುತ್ತದೆ.

ಟಿಡಿಎಸ್ ಪೆನ್ನು
ನನ್ನ ಹತ್ತಿರ ಟಿಡಿಎಸ್ ಮೀಟರ್ ಇದೆ. 120 ತೋರಿಸುತ್ತದೆ. ಅಂದರೆ ನೀರು ಚೆನ್ನಾಗಿದೆ ಅಲ್ವಾ?

ಕಡೂರು ಬೋರ್
ಇಲ್ಲ. ಆ ಪೆನ್ನು ಒಟ್ಟು ಕರಗಿದ ಲವಣ ಅಳೆಯುತ್ತದೆ, ಯಾವುದು ಎಷ್ಟು ಅಂತ ಹೇಳುವುದಿಲ್ಲ. ಮೀನು ಕೊಲ್ಲುವಷ್ಟು ಅಮೋನಿಯಾ ಇದ್ದರೂ ಆ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ ಕಿಟ್ ತೆಗೆದುಕೊಳ್ಳಿ. ಅಮೋನಿಯಾ ಸೊನ್ನೆ, ಅದರಿಂದ ಆಗುವ ನೈಟ್ರೈಟೂ ಸೊನ್ನೆ ಇರಬೇಕು (ಲೆಕ್ಕ ಲೀಟರಿಗೆ ಮಿಲಿಗ್ರಾಂ). ಅಮೋನಿಯಾ 0.25 ಅಂತ ಬಂದರೆ ಅವತ್ತೇ ಸ್ವಲ್ಪ ನೀರು ಬದಲಿಸಿ. ನೈಟ್ರೈಟಿನಿಂದ ಕೊನೆಗೆ ಆಗುವ ನೈಟ್ರೇಟ್ 20ರ ಒಳಗಿದ್ದರೆ ಚೆನ್ನ, 40 ದಾಟಬಾರದು. ನಮ್ಮ ತೆಂಗಿನ ತೋಟದ ಕಡೆಯವರು ಬೋರ್ ನೀರನ್ನೇ ಒಮ್ಮೆ ಪರೀಕ್ಷಿಸಿ. ಗೊಬ್ಬರ ಇಳಿದು ನೈಟ್ರೇಟ್ ಮೊದಲೇ ಇರಬಹುದು.

ಕೈಮರ ಕ್ರಾಸ್
ಒಳ್ಳೆ ಬ್ಯಾಕ್ಟೀರಿಯಾ ಅಂತ ಎಲ್ಲರೂ ಹೇಳುತ್ತಿದ್ದೀರಿ. ಅದು ಎಲ್ಲಿ ಸಿಗುತ್ತದೆ? ಅಂಗಡಿಯಲ್ಲಿ ಕೇಳಬೇಕಾ?

ಹೇಮಾವತಿ ಎಡದಂಡೆ
ತಾನಾಗಿ ಬರುತ್ತದೆ, ನೀವು ಉಳಿಸಿಕೊಳ್ಳಬೇಕು ಅಷ್ಟೆ. ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುವ ಒಂದು ಗುಂಪು, ನೈಟ್ರೋಸೋಮೋನಾಸ್ ಥರದ್ದು. ಆ ನೈಟ್ರೈಟೂ ವಿಷವೇ, ಮೀನಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕಳೆಯುತ್ತದೆ. ಅದನ್ನು ತಿಂದು ನೈಟ್ರೇಟ್ ಮಾಡುವುದು ನೈಟ್ರೋಸ್ಪೈರಾ ಗುಂಪು. ನೈಟ್ರೇಟ್ ಅಷ್ಟು ಬೇಗ ತೊಂದರೆ ಕೊಡುವುದಿಲ್ಲ. ಅದನ್ನು ಗಿಡ ಹೀರುತ್ತದೆ, ಉಳಿದದ್ದು ನೀರು ಬದಲಿಸಿದಾಗ ಹೋಗುತ್ತದೆ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಕಲ್ಲು, ಗಾಜು, ಸ್ಪಂಜಿಗೆ ಅಂಟಿಕೊಂಡು ಬೆಳೆಯುತ್ತದೆ. ನಿಧಾನ ಜಾತಿ. ಹೊಸ ತೊಟ್ಟಿಯಲ್ಲಿ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು, ಚಳಿಯಲ್ಲಿ ಇನ್ನೂ ಜಾಸ್ತಿ. ಈಗ ನಿಮ್ಮ ಬೌಲ್ ನೆನಪು ಮಾಡಿಕೊಳ್ಳಿ. ದಿನ ಬಿಟ್ಟು ದಿನ ಕಲ್ಲು ತಿಕ್ಕಿದರೆ ಅದು ಎಲ್ಲಿ ಕೂರಬೇಕು? ಪ್ರತಿ ಸಲವೂ ಮೊದಲಿನಿಂದ ಶುರು. ನೀವು ತುಂಬಾ ಸ್ವಚ್ಛ ಮಾಡುವುದರಿಂದಲೇ ನೀರು ನೆಲೆ ಕಾಣುತ್ತಿಲ್ಲ.

ಹಾಗಾಗಿ ಫಿಲ್ಟರ್ ಬೇಕು. ಏರ್ ಪಂಪಿಗೆ ಹಾಕುವ ಸಣ್ಣ ಸ್ಪಂಜ್ ಫಿಲ್ಟರ್ ಸಾಕು. ಬೆಟ್ಟಾ ರೆಕ್ಕೆಗೆ ಜೋರು ಹರಿವು ಆಗುವುದಿಲ್ಲ, ಗಾಳಿಯ ಕವಾಟ ತಿರುಗಿಸಿ ಸಣ್ಣಗೆ ಬಿಡಿ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಎರಡು ಸಲ ಹಿಂಡಿ ವಾಪಸ್ ಇಡಿ. ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ, ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೆ ಹೋಗಬಾರದು.

ಹಾಸನಕ್ಕೆ ಬರುವುದಿದ್ದರೆ ನನ್ನ ತೊಟ್ಟಿಯ ಹಳೆ ಸ್ಪಂಜ್ ಒಂದು ಕೊಡುತ್ತೇನೆ. ಬ್ಯಾಕ್ಟೀರಿಯಾ ಅದರಲ್ಲಿ ತುಂಬಿದೆ. ಅದೇ ನೀರಿನಲ್ಲಿ ಒದ್ದೆಯಾಗಿ, ಕವರಿನಲ್ಲಿ ಗಾಳಿ ಬಿಟ್ಟು ಕಟ್ಟಿದರೆ ಬೇಲೂರು ಮೇಲೆ ಮನೆ ಮುಟ್ಟುವವರೆಗೆ ಏನೂ ಆಗುವುದಿಲ್ಲ.

ಕೈಮರ ಕ್ರಾಸ್
ಖಂಡಿತ ಬರುತ್ತೇನೆ! ಈ ಭಾನುವಾರ. ಅಲ್ಲಿಯವರೆಗೆ ಈ 3 ಲೀಟರ್ ಬೌಲಿನಲ್ಲಿ ಏನು ಮಾಡಲಿ?

ಹೇಮಾವತಿ ಎಡದಂಡೆ
ಕಲ್ಲು ಪೂರ್ತಿ ತೆಗೆದುಬಿಡಿ, ಸೋಪು ಕಂಡ ಕಲ್ಲು ಬೇಡವೇ ಬೇಡ. ದಿನಾ ಒಂದು ಲೀಟರಿನಷ್ಟು ನೀರು ತೆಗೆದು, ಕ್ಲೋರಿನ್ ಹೋದ, ಅದೇ ಬಿಸಿಯ ಒಂದು ಲೀಟರ್ ಹಾಕಿ. ಮೀನನ್ನು ಹಿಡಿಯಬೇಡಿ, ಹೊರಗೆ ತೆಗೆಯಬೇಡಿ. ಏರ್ ಪೈಪಿನ ತುದಿಯಲ್ಲಿ ತಳದ ಕೊಳೆ ಎಳೆದುಕೊಳ್ಳಿ. ಬೌಲನ್ನು ಕಂಠಮಟ್ಟ ತುಂಬಬೇಡಿ. ದುಂಡು ಬೌಲ್ ಮಧ್ಯದಲ್ಲಿ ಅಗಲ ಇರುತ್ತದಲ್ಲ, ಅದರ ಸ್ವಲ್ಪ ಮೇಲಕ್ಕೆ ನಿಲ್ಲಿಸಿ, ಗಾಳಿಗೆ ಜಾಗ ಇರಲಿ. ನೀರಿನ ಮೇಲೆ ಎಣ್ಣೆ ಥರ ಪೊರೆ ಕಂಡರೆ ಟಿಶ್ಯೂ ಕಾಗದ ಮೆಲ್ಲಗೆ ಹಾಸಿ ಎತ್ತಿ, ಹತ್ತಿಕೊಂಡು ಬರುತ್ತದೆ.

ರೆಕ್ಕೆ ಅಂಚಿನ ವಿಷಯ. ಬಿಳಿಚಿ ಚಿಂದಿಯಾಗಿದ್ದರೆ ಫಿನ್ ರಾಟ್, ಅಂದರೆ ರೆಕ್ಕೆ ಕೊಳೆಯುವ ರೋಗ ಇರಬಹುದು. ಶುರುವಿನಲ್ಲಿ ಸ್ವಚ್ಛ, ಬೆಚ್ಚನೆಯ ನೀರೇ ಔಷಧಿ. ಹರಿದದ್ದು ಮತ್ತೆ ಬೆಳೆಯುತ್ತದೆ. ಬೇಕಿದ್ದರೆ ಲೀಟರಿಗೆ 1 ಗ್ರಾಂ ಕಲ್ಲುಪ್ಪು, ಬೇರೆ ಲೋಟದಲ್ಲಿ ಕರಗಿಸಿ, ಒಂದೇ ಸಲ ಅಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ. ನೀರು ಆವಿಯಾಗಿ ಕಡಿಮೆಯಾದರೆ ಉಪ್ಪು ಮತ್ತೆ ಹಾಕಬೇಡಿ, ಉಪ್ಪು ಆವಿಯಾಗುವುದಿಲ್ಲ. ಗಿಡ ಇರುವ ತೊಟ್ಟಿಗೆ ಉಪ್ಪು ಬೇಡ. ಮೀನು ಊದಿ, ಮೈಮೇಲಿನ ಹುರುಪೆಗಳು ಎದ್ದು ನಿಂತರೆ ಮಾತ್ರ ಅದು ಬೇರೆ ರೋಗ, ಫೋಟೋ ಹಾಕಿ.

ಹಂಡೆ ಒಲೆ
ಹೊಸ ತೊಟ್ಟಿ ತರುವಾಗ ದುಂಡಿನದ್ದು ಬೇಡ. ದುಂಡು ಗಾಜಿಗೆ ಹೀಟರಿನ ರಬ್ಬರ್ ಬಟ್ಟಲು ಅಂಟುವುದಿಲ್ಲ. ಆಯತಾಕಾರದ 20 ಲೀಟರ್ ಗಾಜಿನ ತೊಟ್ಟಿ ತನ್ನಿ, ಅಥವಾ ಅಡುಗೆ ಸಾಮಾನು ತುಂಬಿಡುವ ದಪ್ಪ ಪ್ಲಾಸ್ಟಿಕ್ ಡಬ್ಬಿಯಾದರೂ ಸರಿ, ಮೀನು ದೂರು ಹೇಳುವುದಿಲ್ಲ. 25 ವ್ಯಾಟ್ ಹೀಟರ್ ಸಾಕು. ಥರ್ಮೋಸ್ಟಾಟ್ ಇರುವುದನ್ನೇ ತನ್ನಿ, ಆದರೂ ಅದನ್ನೇ ನಂಬಬೇಡಿ, ಥರ್ಮಾಮೀಟರ್ ಬೇರೆ ಇರಲಿ. ನೀರು ಬದಲಿಸುವ ಮೊದಲು ಪ್ಲಗ್ ತೆಗೆಯಿರಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಬಿರಿಯುತ್ತದೆ. ಮೂರು ಲೀಟರ್ ಬೌಲಿಗೆ ಮಾತ್ರ ಈ ಹೀಟರ್ ಹಾಕಬೇಡಿ, ಬಿಸಿ ಬೇಗ ಮಿತಿ ಮೀರುತ್ತದೆ.

ಮೂಡಿಗೆರೆ ಮಳೆ
ನಮ್ಮಲ್ಲಿ ಜುಲೈನಲ್ಲಿ ಗಾಳಿ ಮಳೆಗೆ ಮರ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಹೀಟರೂ ಇಲ್ಲ, ಫಿಲ್ಟರೂ ಇಲ್ಲ. ಆಗ?

ಹಂಡೆ ಒಲೆ
ಊಟ ನಿಲ್ಲಿಸಿ, ಅದೇ ಮೊದಲು. ತಿನ್ನದಿದ್ದರೆ ಕೊಳೆ ಕಡಿಮೆ. ತೊಟ್ಟಿಗೆ ಕಂಬಳಿ ಸುತ್ತಿ, ತಳಕ್ಕೆ ಥರ್ಮೊಕೋಲ್ ಇಡಿ. 20 ಲೀಟರ್ ನೀರು ನಿಧಾನಕ್ಕೆ ತಣ್ಣಗಾಗುತ್ತದೆ. ತೀರಾ ಥಂಡಿ ಅನಿಸಿದರೆ ಸಣ್ಣ ಬಾಟಲಿಗೆ ಬಿಸಿನೀರು ತುಂಬಿ, ಬಿರಡೆ ಬಿಗಿದು ತೊಟ್ಟಿಯಲ್ಲಿ ತೇಲಿಬಿಡಿ. ಬೇರೆ ಮೀನಾದರೆ ಪಂಪ್ ನಿಂತಾಗ ಉಸಿರಿಗೆ ಒದ್ದಾಡುತ್ತಿತ್ತು, ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುತ್ತದೆ. ಈ ಮಲೆನಾಡಿಗೆ ಅದಕ್ಕಿಂತ ಸರಿಯಾದ ಮೀನಿಲ್ಲ, ಚಳಿ ಒಂದು ಬಿಟ್ಟರೆ.

ಸಾಲುಮರ
ಸೊಳ್ಳೆ ಲಿಕ್ವಿಡ್ ಹಾಕುವ ಕೋಣೆಯಲ್ಲಿ ಮೀನು ಇಡಬಹುದಾ? ನಮ್ಮದು ಹಾಲ್‌ನಲ್ಲೇ ಇದೆ.

ನಲ್ಲಿ ಮೇಸ್ತ್ರಿ
ಬೇಡ. ಆ ಲಿಕ್ವಿಡ್, ಕಾಯಿಲ್, ಸ್ಪ್ರೇ ಎಲ್ಲದರಲ್ಲೂ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಜಾತಿಯ ಔಷಧಿ ಇರುತ್ತದೆ. ಮನುಷ್ಯರಿಗಿಂತ ಮೀನಿಗೆ ಅದು ಎಷ್ಟೋ ಪಾಲು ಜಾಸ್ತಿ ವಿಷ. ಬೆಟ್ಟಾ ಕೋಣೆಯ ಗಾಳಿಯನ್ನೇ ಕುಡಿಯುತ್ತದೆ, ಏರ್ ಪಂಪ್ ಬೇರೆ ಅದೇ ಗಾಳಿಯನ್ನು ನೀರಿಗೆ ಊದುತ್ತದೆ. ಸೊಳ್ಳೆ ಪರದೆ ಕಟ್ಟಿ ಮಲಗಿ. ಕೈಗೆ ಸೊಳ್ಳೆ ಕ್ರೀಮ್ ಹಚ್ಚಿಕೊಂಡು ತೊಟ್ಟಿಗೆ ಕೈ ಹಾಕುವುದೂ ಬೇಡ.

ಉಪ್ಪಿನಕಾಯಿ ಭರಣಿ
ಸೊಳ್ಳೆ ಮರಿ ಹಿಡಿದು ಹಾಕಿದರೆ ಫೈಟರ್ ಚೆನ್ನಾಗಿ ತಿನ್ನುತ್ತದೆ. ಇದನ್ನಾದರೂ ಒಪ್ಪುತ್ತೀರಾ?

ರೋಬಸ್ಟಾ ನೆರಳು
ಇದನ್ನು ಪೂರ್ತಿ ಒಪ್ಪುತ್ತೇನೆ, ಅದರ ಇಷ್ಟದ ಊಟವೇ ಅದು. ತೋಟದ ಹೊಂಡದ್ದು ಬೇಡ, ಮನೆ ಮುಂದೆ ಶುದ್ಧ ಮಳೆ ನೀರು ನಿಂತ ಡಬ್ಬಿಯಲ್ಲಿ ಸಿಕ್ಕರೆ ಸೋಸಿ, ತೊಳೆದು, ಐದಾರು ಮಾತ್ರ ಹಾಕಿ. ತಿನ್ನದೆ ಉಳಿದರೆ ಸೊಳ್ಳೆಯಾಗಿ ಹಾರುತ್ತವೆ. ಮರಿ ಬೆಳೆಸಲೆಂದೇ ಡಬ್ಬಿ ಇಡಬೇಡಿ, ಡೆಂಗ್ಯೂ ಕಾಲದಲ್ಲಿ ಅಕ್ಕಪಕ್ಕದವರು ಬೈಯುತ್ತಾರೆ, ಬೈಯಬೇಕು ಕೂಡ.

ಸಾಲುಮರ
ಮನಿ ಪ್ಲಾಂಟ್ ಬೇರು ನೀರಿಗೆ ಬಿಟ್ಟರೆ ಫಿಲ್ಟರೇ ಬೇಡ ಅಂತ ವಿಡಿಯೋದಲ್ಲಿ ನೋಡಿದೆ.

ಹೇಮಾವತಿ ಎಡದಂಡೆ
ಬೇರು ನೈಟ್ರೇಟ್ ಹೀರುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಎಲೆ ಮೇಲೆ ಇರಲಿ, ಬೇರು ಮಾತ್ರ ನೀರಿಗೆ. ಫಿಲ್ಟರ್ ಬದಲಿಗೆ ಅದೊಂದನ್ನೇ ನಂಬಬೇಡಿ. ಮೀನು ಬೇರು ತಿಂದು ಬದುಕುತ್ತದೆ ಅನ್ನುವ ಮಾತು ಸುಳ್ಳು. ನೀರಿನೊಳಗಿನ ಗಿಡ ಬೇಕಾದರೆ ಜಾವಾ ಫರ್ನ್, ಅನುಬಿಯಾಸ್ ಹಾಕಿ. ಮಂದ ಬೆಳಕಿನಲ್ಲೂ ಬದುಕುತ್ತವೆ, ಮಣ್ಣು ಬೇಡ, ಕಲ್ಲಿಗೆ ದಾರ ಕಟ್ಟಿದರೆ ಸಾಕು. ಕಿಟಕಿ ಬಿಸಿಲಿಗೆ ತೊಟ್ಟಿ ಇಟ್ಟರೆ ನೀರು ಹಸಿರಾಗುತ್ತದೆ, ಗೋಡೆ ಕಡೆಗೆ ಇಡಿ.

ಕೈಮರ ಕ್ರಾಸ್
ಸ್ಪಂಜ್ ತಂದೆ, ಎಡದಂಡೆಯವರಿಗೆ ತುಂಬಾ ಥ್ಯಾಂಕ್ಸ್, ಕಾಫಿಗೂ ಕೂಡ. 20 ಲೀಟರ್ ತೊಟ್ಟಿ, ಹೀಟರ್ 26 ಡಿಗ್ರಿಗೆ. ಮೀನು ಈಗ ಮೇಲೆ ಕೆಳಗೆ ಓಡಾಡುತ್ತದೆ, ಮೂಲೆಯಲ್ಲಿ ನೊರೆ ಗುಳ್ಳೆ ಕಟ್ಟುತ್ತಿದೆ. ಅಂದರೆ ನೀರು ಸರಿಯಾಯಿತು ಅಂತ ತಾನೇ?

ಕಡೂರು ಬೋರ್
ಗುಳ್ಳೆ ಗೂಡು ಅಂದರೆ ಗಂಡು ಮೀನು ಸಂಸಾರಕ್ಕೆ ಸಿದ್ಧ ಅಂತ. ಕೆಟ್ಟ ನೀರಿನಲ್ಲೂ ಕಟ್ಟುತ್ತದೆ. ಕಿಟ್ ಹನಿ ಹಾಕಿ ನೋಡಿ. ಸ್ಪಂಜ್ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಮೊದಲ ಕೆಲವು ವಾರ ದಿನ ಬಿಟ್ಟು ದಿನ ಪರೀಕ್ಷೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಲ್ಲಿ ನಿಂತ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು, ಅಂದರೆ 5 ಲೀಟರ್.

ಕೈಮರ ಕ್ರಾಸ್
ಇವತ್ತಿನ ಅಮೋನಿಯಾ ಸೊನ್ನೆಗೂ 0.25ಕ್ಕೂ ಮಧ್ಯೆ ಇದೆ, ಬಣ್ಣ ಸರಿಯಾಗಿ ತಿಳಿಯುತ್ತಿಲ್ಲ. ಇನ್ನೊಂದು ಕೇಳಬೇಕಿತ್ತು. ಮುಂದಿನ ತಿಂಗಳು ಮದುವೆಗೆ ನಾಲ್ಕು ದಿನ ಊರಿಗೆ ಹೋಗುತ್ತೇವೆ. ಪಕ್ಕದ ಮನೆಯವರಿಗೆ ಊಟ ಹಾಕಲು ಹೇಳಲಾ?

ಹೇಮಾವತಿ ಎಡದಂಡೆ
ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಅನುಮಾನ ಇದ್ದರೆ 5 ಲೀಟರ್ ಬದಲಿಸಿ, ನಷ್ಟ ಏನಿಲ್ಲ.

ಪಕ್ಕದ ಮನೆಗೆ ಹೇಳಬೇಡಿ. ಆರೋಗ್ಯವಾಗಿರುವ ದೊಡ್ಡ ಬೆಟ್ಟಾ ನಾಲ್ಕು ದಿನ ಊಟ ಇಲ್ಲದೆ ಇರುತ್ತದೆ. ಪಾಪ ಅಂತ ಅವರು ಡಬ್ಬಿ ಬಗ್ಗಿಸಿದರೆ ನೀವು ಬರುವಷ್ಟರಲ್ಲಿ ನೀರು ಹಾಳು. ಹೊರಡುವ ಹಿಂದಿನ ದಿನ ಕಾಲು ಭಾಗ ನೀರು ಬದಲಿಸಿ, ಹೀಟರ್ ಸರಿ ಇದೆಯಾ ನೋಡಿ. ಊರಿಗೆ ಹೋಗುವಾಗ ಹಾಕಲು ಅಂಗಡಿಯಲ್ಲಿ ಸಿಗುವ ಊಟದ ಬಿಲ್ಲೆ ಹಾಕಬೇಡಿ, ಅದು ನೀರಿನಲ್ಲಿ ಕರಗಿ ಕೊಳೆಯುತ್ತದೆ.

ಹಂಡೆ ಒಲೆ
ಮುಚ್ಚಳ ಇದೆಯಾ? ಫೈಟರ್ ಹಾರುತ್ತದೆ. ಪೂರ್ತಿ ಗಾಳಿಯಾಡದ ಹಾಗೆ ಮುಚ್ಚಬೇಡಿ, ಬೆರಳಗಲ ಸಂದು ಬಿಡಿ. ನೀರಿನ ಮಟ್ಟ ಅಂಚಿನಿಂದ ಎರಡು ಇಂಚು ಕೆಳಗೆ ಇರಲಿ. ಬೆಕ್ಕು ಇದ್ದರೆ ಮುಚ್ಚಳದ ಮೇಲೆ ಭಾರ ಇಡಿ.

ಕೈಮರ ಕ್ರಾಸ್
ಬೆಕ್ಕು ಎರಡಿವೆ. ಕಲ್ಲು ಇಡುತ್ತೇನೆ, ಸೋಪು ಹಚ್ಚದ ಕಲ್ಲು.